ನೀವು ಬಲ್ಲಿರೆಂದು ಅವರು ಬಲ್ಲರೆ?

ರೈಲುಗಾಡಿಯ ಡಬ್ಬಿಯೊಂದರಲ್ಲಿ ಮೂವರು ಮಹಿಳೆಯರು ಎದುರುಬದುರಾಗಿ ಕುಳಿತಿದ್ದಾರೆ. ಎಂಜಿನ್ನಿನ ಹೊಗೆ ಕಿಟಕಿಯಿಂದ ನುಗ್ಗಿ ಮೂವರ ಮುಖಕ್ಕೂ ಮಸಿ ಬಳಿದಿದೆ. ತನ್ನ ಮುಖ ತನಗೆ ಕಾಣದು. ಎದುರಿನವರ ಮುಖ ಚೆನ್ನಾಗಿ ಕಾಣುತ್ತದೆ. ಆದ್ದರಿಂದ ಮೂವರೂ ಮನಸಾರ ನಗುತ್ತಿದ್ದಾರೆ. ಹಾಗೆ ನಗುನಗುತ್ತಲೇ ಅವರಲ್ಲಿ ಒಬ್ಬಾಕೆ ಇದ್ದಕ್ಕಿದ್ದಂತೆ ಗಂಭೀರಳಾಗಿ, ಕರವಸ್ತ್ರ ತೆಗೆದು ಮುಖ ಒರೆಸಿಕೊಳ್ಳುತ್ತಾಳೆ. ಡಬ್ಬಿಯಲ್ಲಿ ಕನ್ನಡಿಯಿಲ್ಲ. ಯಾರೂ ಆಕೆಗೆ ಏನನ್ನೂ ಹೇಳಿಲ್ಲ. ತನ್ನ ಮುಖಕ್ಕೆ ಮಸಿ ಹತ್ತಿದೆಯೆಂದು ಆಕೆಗೆ ಹೇಗೆ ತಿಳಿಯಿತು?

ಆಕೆ ಯೋಚಿಸಿದ್ದು ಹೀಗೆ: “ನನ್ನ ಮುಖ ಶುಭ್ರವಾಗಿದೆ ಎಂದಿಟ್ಟುಕೊಳ್ಳೋಣ. ಆಗ ಎರಡನೆಯವಳ ಕಣ್ಣಿಗೆ ಬೀಳುವುದೇನು? ಮೂರನೆಯವಳು ನಗುತ್ತಿದ್ದಾಳೆ. ನನ್ನ ಮುಖದಲ್ಲಿ ನಗುವಂಥದೇನೂ ಇಲ್ಲ. ಹಾಗಾದರೆ ಮೂರನೆಯವಳ ನಗೆಗೆ ತಾನೇ ಕಾರಣವೆಂದು ಎರಡನೆಯವಳಿಗೆ ಹೊಳೆಯಬೇಕು. ಆಕೆ ನಗು ನಿಲ್ಲಿಸಬೇಕು. ಆದರೆ ಆಕೆ ನಿಲ್ಲಿಸಿಲ್ಲ. ಅಯ್ಯೋ, ಹಾಗಿದ್ದರೆ ನನ್ನ ಮುಖವೂ ಶುಭ್ರವಾಗಿಲ್ಲ!”

ಈ ಒಗಟನ್ನು 1953ರಲ್ಲಿ ಪ್ರಕಟವಾದ ತಮ್ಮ ಪುಸ್ತಕವೊಂದರಲ್ಲಿ ಸೇರಿಸಿದವರು ಕೇಂಬ್ರಿಜಿನ ಗಣಿತಜ್ಞ ಜೆ. ಇ. ಲಿಟಲ್‌ವುಡ್. ನಮ್ಮ ರಾಮಾನುಜನ್ ಅವರನ್ನು ಇಂಗ್ಲೆಂಡಿಗೆ ಕರೆಸಿಕೊಂಡ ಹಾರ್ಡಿಯವರ ಜೀವನಪರ್ಯಂತದ ಜೊತೆಗಾರರೆಂದರೆ ಓದುಗರಿಗೆ ಗುರುತು ಹತ್ತೀತು. ಲಿಟಲ್‌ವುಡ್ಡರಿಗೆ ಇದು ಊಟದ ಮೇಜಿನ ವಿನೋದ. ಆದರೆ ಆ ಮಹಿಳೆಯ ಯೋಚನೆಯಲ್ಲಿ ಒಂದು ವಿಶೇಷವುಂಟು. ಆಕೆ ಮಸಿಯ ಬಗ್ಗೆ ಯೋಚಿಸಲಿಲ್ಲ. ಇನ್ನೊಬ್ಬಳಿಗೆ ಏನು ಗೊತ್ತು ಎಂಬುದರ ಬಗ್ಗೆ ಯೋಚಿಸಿದಳು. ಲೋಕದ ಸಂಗತಿಯನ್ನು ಅರಿಯುವುದು ಒಂದು ಬಗೆ. ಇತರರ ಅರಿವನ್ನು ಅರಿಯುವುದು ಇನ್ನೊಂದು ಬಗೆ. ಮನುಷ್ಯರು ನೆರೆಹೊರೆ, ಬಂಧುಬಳಗ, ಗೆಳೆಯರ ಬಲೆಯಲ್ಲಿ ಬದುಕುವವರಾದ್ದರಿಂದ ಈ ಎರಡನೆಯ ಅರಿವೇ ಅನೇಕ ವೇಳೆ ಹೆಚ್ಚಿನದಾಗುತ್ತದೆ. ಇದಕ್ಕೂ ಕಟ್ಟುನಿಟ್ಟಾದ ತರ್ಕವೊಂದು ಇರಬಹುದೆ?

ಇದೆ. ಫಿನ್ಲೆಂಡಿನ ತತ್ತ್ವಜ್ಞ ಯಾಕೊ ಹಿಂಟಿಕ್ಕಾ 1962ರಲ್ಲಿ ಬರೆದ ಗ್ರಂಥದಲ್ಲಿ ಅದಕ್ಕೆ ಅಡಿಪಾಯ ಹಾಕಿದರು. “ರಾಮನು ಇಂಥದನ್ನು ಬಲ್ಲ” ಎಂಬ ವಾಕ್ಯವನ್ನು ಬೀಜಗಣಿತದ ಸಂಕೇತದಂತೆ ಬರೆದು, ಅಂಥ ವಾಕ್ಯಗಳನ್ನು ಒಂದರೊಳಗೊಂದು ಪೋಣಿಸಬಹುದೆಂದು ಅವರು ತೋರಿಸಿದರು: ಸೀತೆ ಬಲ್ಲಳೆಂದು ರಾಮನು ಬಲ್ಲ; ಹಾಗೆ ರಾಮನು ಬಲ್ಲನೆಂದು ಸೀತೆ ಅರಿಯಳು. ಇದಕ್ಕೆ ಒದಗಿದ ಸಾಧನವು ಸಂಭವನೀಯ ಲೋಕಗಳ ಕಲ್ಪನೆ. ಅಮೆರಿಕದ ಸಾಲ್ ಕ್ರಿಪ್ಕಿ ಅದನ್ನು ಗಣಿತದ ಅಚ್ಚುಕಟ್ಟಿಗೆ ತಂದಾಗ ಇನ್ನೂ ಹದಿಹರೆಯದ ಹುಡುಗ. ಕಲ್ಪನೆ ಸರಳವಾದದ್ದೇ. ನಮಗೆ ಗೊತ್ತಿಲ್ಲದಿರುವುದೆಂದರೆ ಏನು? ಹಲವು ಬಗೆಯ ಲೋಕಗಳು ನಮ್ಮ ಕಣ್ಣಿಗೆ ಒಂದೇ ಸಮನಾಗಿ ಸಾಧ್ಯವೆಂದು ತೋರುವುದು. ಗೊತ್ತಾಗುವುದೆಂದರೆ, ಅವುಗಳಲ್ಲಿ ಕೆಲವು ಅಳಿಸಿಹೋಗುವುದು.

ತಂದೆಯ ಒಂದು ಮಾತು

ಈ ಅಳಿಸುವಿಕೆಯನ್ನು ಕಣ್ಣಾರೆ ಕಾಣಬೇಕಾದರೆ ಮಕ್ಕಳ ಒಗಟಿಗೆ ಬರಬೇಕು. ತರ್ಕಶಾಸ್ತ್ರದ ತರಗತಿಗಳಲ್ಲಿ ಇದಕ್ಕೆ ಸಮನಾದ ಪಾಠ ಇನ್ನೊಂದಿಲ್ಲ.

ರಾಮ, ಶಾಮ, ಗೋವಿಂದ ಎಂಬ ಮೂವರು ಮಕ್ಕಳು ಮಳೆಯಲ್ಲಿ ಆಡಿ ಮನೆಗೆ ಬಂದಿದ್ದಾರೆ. ಮೂವರ ಹಣೆಗೂ ಕೆಸರು ಮೆತ್ತಿದೆ. ಪ್ರತಿಯೊಬ್ಬನಿಗೂ ಉಳಿದಿಬ್ಬರ ಹಣೆ ಕಾಣುತ್ತದೆ, ತನ್ನದು ಕಾಣದು. ತಂದೆ ಬಾಗಿಲಲ್ಲಿ ನಿಂತು, “ನಿಮ್ಮಲ್ಲಿ ಒಬ್ಬನ ಹಣೆಗಾದರೂ ಕೆಸರು ಹತ್ತಿದೆ. ತನ್ನ ಹಣೆಗೆ ಹತ್ತಿದೆಯೆಂದು ಖಂಡಿತವಾಗಿ ಬಲ್ಲವನು ಹೇಳಲಿ” ಎನ್ನುತ್ತಾನೆ. ಮೂವರೂ ಸುಮ್ಮನಿರುತ್ತಾರೆ. ತಂದೆ ಅದೇ ಪ್ರಶ್ನೆಯನ್ನು ಎರಡನೆಯ ಸಲ ಕೇಳುತ್ತಾನೆ. ಮತ್ತೆ ಮೌನ. ಮೂರನೆಯ ಸಲ ಕೇಳಿದೊಡನೆ ಮೂವರೂ ಒಟ್ಟಿಗೆ, “ನನ್ನ ಹಣೆಗೆ ಹತ್ತಿದೆ ಅಪ್ಪ” ಎನ್ನುತ್ತಾರೆ. ಮಕ್ಕಳು ಜಾಣರು, ಸುಳ್ಳಾಡದವರು ಎಂಬುದಷ್ಟೆ ಇಲ್ಲಿನ ಷರತ್ತು.

ಲೆಕ್ಕ ಹೀಗೆ. ಮೂರು ಹಣೆಗಳಲ್ಲಿ ಕೆಸರು ಇರುವ, ಇಲ್ಲದಿರುವ ಬಗೆಗಳು ಒಟ್ಟು 8. ತಂದೆಯ ಮಾತಿನಿಂದ ಕೆಸರೇ ಇಲ್ಲದ ಲೋಕವೊಂದು ಅಳಿದು 7 ಉಳಿದವು. ಒಬ್ಬನಿಗೆ ಮಾತ್ರ ಕೆಸರು ಹತ್ತಿದ್ದರೆ ಅವನಿಗೆ ಎದುರಿಗೆ ಶುಭ್ರವಾದ ಹಣೆಗಳಷ್ಟೆ ಕಾಣುತ್ತಿದ್ದವು. ಅವನು ಮೊದಲ ಪ್ರಶ್ನೆಗೇ ಉತ್ತರಿಸುತ್ತಿದ್ದ. ಯಾರೂ ಉತ್ತರಿಸದ್ದರಿಂದ ಅಂಥ 3 ಲೋಕಗಳು ಅಳಿದು 4 ಉಳಿದವು. ಇಬ್ಬರಿಗೆ ಹತ್ತಿದ್ದರೆ ಅವರು ಎರಡನೆಯ ಪ್ರಶ್ನೆಗೆ ಉತ್ತರಿಸುತ್ತಿದ್ದರು. ಅವರೂ ಸುಮ್ಮನಿದ್ದುದರಿಂದ ಇನ್ನು 3 ಅಳಿದು ಒಂದೇ ಒಂದು ಲೋಕ ಉಳಿಯಿತು. ಮೌನವೇ ಇಲ್ಲಿ ಸುದ್ದಿ.

ಈಗ ನಿಜವಾದ ಪ್ರಶ್ನೆ. ಒಬ್ಬನ ಹಣೆಗಾದರೂ ಕೆಸರು ಹತ್ತಿದೆಯೆಂಬುದು ಮೂವರಿಗೂ ಮೊದಲೇ ಗೊತ್ತಿತ್ತು. ಪ್ರತಿಯೊಬ್ಬನೂ ಇಬ್ಬರ ಕೆಸರನ್ನು ಕಣ್ಣಾರೆ ನೋಡುತ್ತಿದ್ದ. ಹಾಗಾದರೆ ತಂದೆ ಹೊಸದೇನು ಹೇಳಿದಂತಾಯಿತು? ಆ ಮಾತನ್ನಾಡದೆ ಮೂರು ಸಲವಲ್ಲ, ಮುನ್ನೂರು ಸಲ ಕೇಳಿದ್ದರೂ ಮಕ್ಕಳು ಉತ್ತರಿಸುತ್ತಿರಲಿಲ್ಲ. ಎಲ್ಲರಿಗೂ ಗೊತ್ತಿದ್ದುದನ್ನು ಎಲ್ಲರಿಗೂ ಹೇಳಿದ್ದರಿಂದ ಎಲ್ಲವೂ ಬದಲಾಯಿತು. ಇದರ ಮರ್ಮವೇನು?

ಮರ್ಮ ಅರಿವಿನ ಆಳದಲ್ಲಿದೆ. ಮೂವರಿಗೂ ಗೊತ್ತಿತ್ತು, ಸರಿ. ಶಾಮನಿಗೆ ಗೊತ್ತಿದೆಯೆಂದು ರಾಮನಿಗೂ ಗೊತ್ತಿತ್ತು, ಏಕೆಂದರೆ ಗೋವಿಂದನ ಹಣೆ ಇಬ್ಬರಿಗೂ ಕಾಣುತ್ತಿತ್ತು. ಆದರೆ ಗೋವಿಂದನಿಗೆ ಗೊತ್ತಿದೆಯೆಂದು ಶಾಮನಿಗೆ ಗೊತ್ತಿದೆಯೆಂದು ರಾಮನಿಗೆ ಗೊತ್ತಿತ್ತೆ? ಇಲ್ಲ. ರಾಮನು ತನ್ನ ಹಣೆ ಶುಭ್ರವೆಂದು ಊಹಿಸಿಕೊಳ್ಳಬಹುದು. ಆ ಊಹೆಯ ಲೋಕದಲ್ಲಿ ಶಾಮನು ತನ್ನ ಹಣೆಯೂ ಶುಭ್ರವೆಂದು ಊಹಿಸಬಹುದು. ಆ ಊಹೆಯೊಳಗಿನ ಊಹೆಯಲ್ಲಿ ಗೋವಿಂದನಿಗೆ ಯಾವ ಕೆಸರೂ ಕಾಣದು. ಮೂರನೆಯ ಮೆಟ್ಟಿಲಿನಲ್ಲಿ ಅರಿವು ಮುರಿದುಬಿದ್ದಿತ್ತು. ತಂದೆ ಎಲ್ಲರ ಎದುರಿಗೆ ಆಡಿದ ಮಾತು ಆ ಮೆಟ್ಟಿಲನ್ನೂ ಅದರ ಮೇಲಿನ ಎಲ್ಲ ಮೆಟ್ಟಿಲುಗಳನ್ನೂ ಒಮ್ಮೆಗೇ ಕಟ್ಟಿಕೊಟ್ಟಿತು. ಅದೇ ಮಾತನ್ನು ಒಬ್ಬೊಬ್ಬನ ಕಿವಿಯಲ್ಲೂ ಗುಟ್ಟಾಗಿ ಉಸುರಿದ್ದರೆ ಏನೂ ಆಗುತ್ತಿರಲಿಲ್ಲ.

ಎಲ್ಲರೂ ಬಲ್ಲ, ಎಲ್ಲರೂ ಬಲ್ಲರೆಂದು ಎಲ್ಲರೂ ಬಲ್ಲ, ಹೀಗೆ ಕೊನೆಯಿಲ್ಲದೆ ಏರುವ ಅರಿವನ್ನು ‘ಸರ್ವವಿದಿತ’ ಎನ್ನೋಣ. ಅಮೆರಿಕದ ತತ್ತ್ವಜ್ಞ ಡೇವಿಡ್ ಲೂಯಿಸ್ 1969ರಲ್ಲಿ ಸಮಾಜದ ರೂಢಿಗಳನ್ನು ಕುರಿತು ಬರೆಯುತ್ತ ಅದರ ಮಹತ್ತ್ವವನ್ನು ಎತ್ತಿ ಹೇಳಿದರು. ರಸ್ತೆಯ ಎಡಗಡೆಯಲ್ಲಿ ಗಾಡಿ ನಡೆಸುವವನಿಗೆ ಎಡಗಡೆಯ ನಿಯಮ ಗೊತ್ತಿದ್ದರೆ ಸಾಲದು. ಎದುರಿನಿಂದ ಬರುವವನಿಗೂ ಅದು ಗೊತ್ತಿದೆಯೆಂಬ ಭರವಸೆ ಬೇಕು. ತನಗೆ ಗೊತ್ತಿದೆಯೆಂದು ಅವನು ನಂಬಿರಬೇಕು. ರಾಬರ್ಟ್ ಔಮನ್ 1976ರಲ್ಲಿ ನಾಲ್ಕೇ ಪುಟಗಳ ಲೇಖನವೊಂದರಲ್ಲಿ ಇದನ್ನು ಗಣಿತಕ್ಕೆ ಅಳವಡಿಸಿದರು. ಒಂದೇ ಮೂಲ ನಂಬಿಕೆಯಿಂದ ಹೊರಟ ಇಬ್ಬರು ವಿವೇಕಿಗಳ ಈಗಿನ ಅಂದಾಜುಗಳು ಪರಸ್ಪರ ಸರ್ವವಿದಿತವಾಗಿದ್ದರೆ, ಆ ಅಂದಾಜುಗಳು ಬೇರೆ ಬೇರೆಯಾಗಿರಲು ಸಾಧ್ಯವೇ ಇಲ್ಲವೆಂಬುದು ಅವರ ಪ್ರಮೇಯ. ಅವರಿಗೆ 2005ರಲ್ಲಿ ನೊಬೆಲ್ ಬಹುಮಾನವೂ ಬಂತು. (ಇಬ್ಬರು ವಿವೇಕಿಗಳು ಪಟ್ಟು ಹಿಡಿದು ವಾದಿಸುವುದನ್ನು ನಾವು ದಿನವೂ ಕಾಣುತ್ತೇವಲ್ಲ ಎಂದರೆ, ದೋಷ ಪ್ರಮೇಯದಲ್ಲಿ ಇರಲಾರದು.)

ಎಲ್ಲರಿಗೂ ಗೊತ್ತಿರುವ ಗುಟ್ಟು

‘ಬಹಿರಂಗ ರಹಸ್ಯ’ ಎಂಬ ವಿರೋಧಾಭಾಸದ ಮಾತು ಕನ್ನಡದಲ್ಲಿ ಬಹಳ ಕಾಲದಿಂದ ಬಳಕೆಯಲ್ಲಿದೆ. ಎಲ್ಲರೂ ಬಲ್ಲರಾದರೂ ಸರ್ವವಿದಿತವಲ್ಲದ ಸಂಗತಿಗೆ ಇದಕ್ಕಿಂತ ಒಳ್ಳೆಯ ಹೆಸರು ಸಿಗಲಾರದು.

ಬಾರ್ನಿ ಗ್ಲೇಸರ್ ಮತ್ತು ಆನ್ಸೆಲ್ಮ್ ಸ್ಟ್ರೌಸ್ ಎಂಬ ಸಮಾಜವಿಜ್ಞಾನಿಗಳು ಸ್ಯಾನ್‌ಫ್ರಾನ್ಸಿಸ್ಕೊ ಸುತ್ತಿನ ಆಸ್ಪತ್ರೆಗಳಲ್ಲಿ ಗುಣವಾಗದ ರೋಗಿಗಳ ಹಾಸಿಗೆಯ ಬಳಿ ನಡೆಯುವ ಮಾತುಕತೆಯನ್ನು ಗಮನಿಸಿ 1965ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಅವರು ಗುರುತಿಸಿದ ಪರಿಸ್ಥಿತಿಗಳು ನಾಲ್ಕು. ಒಂದರಲ್ಲಿ ರೋಗಿಗೆ ತನ್ನ ಸ್ಥಿತಿ ತಿಳಿಯದು, ಉಳಿದವರಿಗೆ ತಿಳಿದಿದೆ. ಇನ್ನೊಂದರಲ್ಲಿ ರೋಗಿಗೆ ಸಂಶಯ. ಮತ್ತೊಂದರಲ್ಲಿ ಎಲ್ಲರಿಗೂ ತಿಳಿದು ಮಾತು ಮುಕ್ತವಾಗಿದೆ. ನಾಲ್ಕನೆಯದು ಎಲ್ಲಕ್ಕಿಂತ ವಿಚಿತ್ರವಾದದ್ದು: ರೋಗಿಗೂ ತಿಳಿದಿದೆ, ಮನೆಯವರಿಗೂ ತಿಳಿದಿದೆ, ಆದರೂ ಎರಡು ಕಡೆಯವರೂ ತಿಳಿಯದವರಂತೆ ನಟಿಸುತ್ತಾರೆ. ಮುಂದಿನ ಹಬ್ಬದ ಮಾತು, ಮೊಮ್ಮಗಳ ಮದುವೆಯ ಮಾತು ನಡೆಯುತ್ತದೆ. ಅಜ್ಜಿ ಮನೆಯವರ ಸಮಾಧಾನಕ್ಕಾಗಿ ನಗುತ್ತಾರೆ, ಮನೆಯವರು ಅಜ್ಜಿಯ ಸಮಾಧಾನಕ್ಕಾಗಿ ನಗುತ್ತಾರೆ. ಕೂಡುಕುಟುಂಬದಲ್ಲಿ ಬೆಳೆದವರಿಗೆ ಇದನ್ನು ತಿಳಿಯಲು ಸ್ಯಾನ್‌ಫ್ರಾನ್ಸಿಸ್ಕೊವರೆಗೆ ಹೋಗಬೇಕಾಗಿಲ್ಲ.

ತರ್ಕದ ಭಾಷೆಯಲ್ಲಿ ಮೂರನೆಯ ಪರಿಸ್ಥಿತಿಗೂ ನಾಲ್ಕನೆಯದಕ್ಕೂ ರೋಗದ ಬಗೆಗಿನ ಅರಿವಿನಲ್ಲಿ ಎಳ್ಳಷ್ಟೂ ವ್ಯತ್ಯಾಸವಿಲ್ಲ. ವ್ಯತ್ಯಾಸವಿರುವುದು ಮೇಲಿನ ಮೆಟ್ಟಿಲುಗಳಲ್ಲಿ. ಅದು ಸಣ್ಣದೂ ಅಲ್ಲ. ಒಂದರಲ್ಲಿ ಅಜ್ಜಿ ತಮ್ಮ ಬಳೆಗಳು ಯಾರಿಗೆ ಸೇರಬೇಕೆಂದು ಹೇಳಬಲ್ಲರು, ದೂರದ ಮಗನನ್ನು ಕರೆಸಿರೆಂದು ಕೇಳಬಲ್ಲರು. ಇನ್ನೊಂದರಲ್ಲಿ ಅವರಿಗೆ ಆ ಬಾಗಿಲು ಮುಚ್ಚಿದೆ. ಯಾರಾದರೊಬ್ಬರು ಒಂದು ಮಾತನ್ನು ಗಟ್ಟಿಯಾಗಿ ಆಡಿದರೆ ಬಾಗಿಲು ತೆರೆಯುತ್ತದೆ. ಆಡಿದ ಮೇಲೆ ಮತ್ತೆ ಮುಚ್ಚಲಾಗುವುದಿಲ್ಲ. ಆ ಮಾತನ್ನಾಡಲು ಎಲ್ಲರೂ ಹಿಂಜರಿಯುವುದು ಏಕೆಂಬುದೂ ಇದರಿಂದಲೇ ತಿಳಿಯುತ್ತದೆ.

ಎಲ್ಲರ ಎದುರಿಗೆ ಸಾರಿ ಹೇಳುವುದರಿಂದ ಅರಿವು ಹೇಗೆ ಬದಲಾಗುತ್ತದೆ ಎಂಬುದಕ್ಕೆ 1989ರಲ್ಲಿ ಯಾನ್ ಪ್ಲಾಜಾ ಎಂಬ ತರ್ಕಜ್ಞರು ಪ್ರತ್ಯೇಕವಾದ ತರ್ಕವನ್ನೇ ರಚಿಸಿದರು. ನಮ್ಮ ಹಿಂದಿನವರು ಅದನ್ನು ಡಂಗುರ ಎನ್ನುತ್ತಿದ್ದರು. ಓಲೆ ಬರೆದು ಮನೆಮನೆಗೆ ಕಳುಹಿಸಿದರೂ ಸುದ್ದಿ ಮುಟ್ಟುತ್ತಿತ್ತು. ಆದರೆ ಡಂಗುರ ಹೊಡೆದಾಗ, ಪಕ್ಕದ ಮನೆಯವನೂ ಕೇಳಿದನೆಂಬುದು ಪ್ರತಿಯೊಬ್ಬನಿಗೂ ಕೇಳಿಸುತ್ತಿತ್ತು.

ಈಗ ಪ್ರತಿಯೊಬ್ಬರ ಕೈಯಲ್ಲಿರುವ ಮೊಬೈಲ್ ಫೋನಿನಲ್ಲೂ ಈ ಎರಡೂ ಬಗೆಗಳಿವೆ. ವಾಟ್ಸ್ಯಾಪಿನಲ್ಲಿ ಗೃಹಪ್ರವೇಶದ ಆಮಂತ್ರಣವನ್ನು ‘ಬ್ರಾಡ್‌ಕಾಸ್ಟ್’ ಪಟ್ಟಿಯ ಮೂಲಕ ಕಳುಹಿಸಿದರೆ ಅದು ಒಬ್ಬೊಬ್ಬರ ಕಿವಿಯಲ್ಲಿ ಉಸುರಿದಂತೆ. ಇನ್ನಾರಿಗೆ ಹೋಗಿದೆಯೆಂದು ಪಡೆದವರಿಗೆ ತಿಳಿಯದು. ಬಂಧುಗಳ ‘ಗ್ರೂಪ್’ನಲ್ಲಿ ಹಾಕಿದರೆ ಅದು ಡಂಗುರ. ಮೊದಲನೆಯದರಲ್ಲಿ ಬಾರದೆ ಉಳಿದ ಭಾವನವರು ತಮಗೆ ಸುದ್ದಿಯೇ ಇರಲಿಲ್ಲವೆಂದು ಇತರರ ಮುಂದೆ ಹೇಳಿಕೊಳ್ಳಬಹುದು. ಎರಡನೆಯದರಲ್ಲಿ ಆ ನೆವ ಸಾಗದು. ಸಾಲ ಮರಳಿ ಕೇಳಬೇಕಾದವರು ಯಾವುದನ್ನು ಆರಿಸಿಕೊಳ್ಳುತ್ತಾರೆ, ಹುಟ್ಟುಹಬ್ಬದ ಶುಭಾಶಯ ಹೇಳುವವರು ಯಾವುದನ್ನು ಆರಿಸಿಕೊಳ್ಳುತ್ತಾರೆ ಎಂದು ನೋಡಿದರೆ, ತರ್ಕಶಾಸ್ತ್ರವನ್ನು ಓದದೆಯೇ ಜನ ಅದನ್ನು ಬಲ್ಲರೆಂದು ತಿಳಿಯುತ್ತದೆ.

ಓಲೆಗಳಿಂದ ಸರ್ವವಿದಿತ ಹುಟ್ಟುವುದೇ ಇಲ್ಲ ಎಂಬುದನ್ನು ಜೋಸೆಫ್ ಹಾಲ್ಪರ್ನ್ ಮತ್ತು ಯೋರಮ್ ಮೋಸೆಸ್ 1984ರಲ್ಲಿ ಸಾಧಿಸಿ ತೋರಿಸಿದರು. ದಾರಿಯಲ್ಲಿ ಕಳೆದುಹೋಗಬಹುದಾದ ಸಂದೇಶಗಳನ್ನು ಎಷ್ಟೇ ಸಲ ಅತ್ತಿತ್ತ ಕಳುಹಿಸಿದರೂ ಕೊನೆಯ ಸಂದೇಶ ತಲಪಿತೆ ಇಲ್ಲವೆ ಎಂಬ ಅನುಮಾನ ಕಳುಹಿಸಿದವನಿಗೆ ಉಳಿದೇ ಉಳಿಯುತ್ತದೆ. “ಸಂಜೆ 6 ಗಂಟೆಗೆ ಬಾ” ಎಂದು ಕಳುಹಿಸಿದವನು, ತಲಪಿತೆಂದು ಗುರುತು ಬರುವವರೆಗೆ ಕಾಯುತ್ತಾನೆ. 2014ರ ನವೆಂಬರಿನಲ್ಲಿ ಬಂದ ನೀಲಿ ಗೆರೆಗಳು, ಎದುರಿನವರು ಸಂದೇಶವನ್ನು ತೆರೆದರೆಂದು ತಿಳಿಸುತ್ತವೆ. ಆದರೆ ಕಳುಹಿಸಿದವನು ಆ ಗೆರೆಗಳನ್ನು ನೋಡಿದನೆ ಎಂಬುದು ಎದುರಿನವರಿಗೆ ತಿಳಿಯದು. ಆದ್ದರಿಂದ ಅವರು “ಆಗಲಿ” ಎಂದು ಬರೆಯುತ್ತಾರೆ. ಇವನು ಹೆಬ್ಬೆರಳಿನ ಚಿತ್ರ ಕಳುಹಿಸುತ್ತಾನೆ. ಎಲ್ಲೋ ಒಂದು ಕಡೆ ಇಬ್ಬರೂ ಬೇಸತ್ತು ನಿಲ್ಲಿಸುತ್ತಾರೆ. ನಿತ್ಯಜೀವನಕ್ಕೆ ಅಷ್ಟು ಸಾಕು, ತರ್ಕಕ್ಕೆ ಸಾಲದು.

ಗೆಳೆಯರ ಬಲೆಯೊಳಗಿನ ನಂಬಿಕೆ

ಇಷ್ಟರವರೆಗೆ ಎಲ್ಲರೂ ಎಲ್ಲರನ್ನೂ ಕಾಣಬಲ್ಲ ಒಂದೇ ಕೋಣೆಯ ಮಾತಾಯಿತು. ನಿಜವಾದ ಸಮಾಜ ಹಾಗಲ್ಲ. ಅಲ್ಲಿ ಒಬ್ಬನಿಗೆ ನಾಲ್ವರು ಗೆಳೆಯರು, ಆ ನಾಲ್ವರಿಗೆ ಬೇರೆ ಬೇರೆ ಗೆಳೆಯರು. ಜೆರೆಮಿ ಸೆಲಿಗ್ಮನ್, ಫೆನ್‌ರಾಂಗ್ ಲ್ಯೂ, ಪ್ಯಾಟ್ರಿಕ್ ಜಿರಾರ್ಡ್ ಎಂಬ ಮೂವರು ತರ್ಕಜ್ಞರು ಈ ಬಲೆಯನ್ನೇ ತರ್ಕದೊಳಕ್ಕೆ ತಂದರು. ಅವರ ಮೊದಲ ಪ್ರಬಂಧ 2011ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಭಾರತೀಯ ತರ್ಕ ಸಮ್ಮೇಳನದ ಸಂಪುಟದಲ್ಲಿ ಬಂತು. ಫೇಸ್‌ಬುಕ್ಕಿನ ಹೆಸರನ್ನೇ ಹೊತ್ತ ಇನ್ನೊಂದು 2013ರಲ್ಲಿ ಚೆನ್ನೈ ನಗರದ ಸಮ್ಮೇಳನದಲ್ಲಿ. “ನಾನು ಬಲ್ಲೆ” ಎಂಬ ಸಂಕೇತದ ಜೊತೆಗೆ “ನನ್ನ ಗೆಳೆಯರೆಲ್ಲರೂ” ಎಂಬ ಇನ್ನೊಂದು ಸಂಕೇತವನ್ನು ಅವರು ಸೇರಿಸಿದರು. ಎರಡನ್ನೂ ಹಿಂದುಮುಂದಾಗಿಸಿದರೆ ಅರ್ಥವೇ ಬದಲಾಗುತ್ತದೆ. ನನ್ನ ಗೆಳೆಯರೆಲ್ಲರೂ ಸುರಕ್ಷಿತರೆಂದು ನಾನು ಬಲ್ಲೆ ಎಂಬುದು ಒಂದು. ನನ್ನ ಗೆಳೆಯರಲ್ಲಿ ಪ್ರತಿಯೊಬ್ಬನೂ ತಾನು ಸುರಕ್ಷಿತನೆಂದು ಬಲ್ಲ ಎಂಬುದು ಇನ್ನೊಂದು. ಪ್ರವಾಹದ ರಾತ್ರಿ ಈ ಎರಡರ ನಡುವಿನ ಅಂತರ ಎಷ್ಟೆಂದು ಹೇಳಬೇಕಾಗಿಲ್ಲ.

ನಂಬಿಕೆಗಳು ಗೆಳೆಯರಿಂದ ಗೆಳೆಯರಿಗೆ ಹೇಗೆ ಹರಿಯುತ್ತವೆ ಎಂಬುದಕ್ಕೂ ಅವರು ಸೂತ್ರ ಕೊಟ್ಟರು. ಗೆಳೆಯರೆಲ್ಲರೂ ಒಂದನ್ನು ನಂಬಿದರೆ ತಾನೂ ಅದನ್ನೇ ನಂಬುವುದು ಬಲವಾದ ಪ್ರಭಾವ. ಇದರಿಂದ ಒಂದು ತಮಾಷೆಯೂ ಹುಟ್ಟುತ್ತದೆ. ಬೇರಾರ ಮಾತನ್ನೂ ಕೇಳದ, ಪರಸ್ಪರರ ಮಾತನ್ನು ಮಾತ್ರ ಕೇಳುವ ಗಂಡಹೆಂಡಿರನ್ನು ಊಹಿಸಿಕೊಳ್ಳಿ. ಮಗಳನ್ನು ವೈದ್ಯಕೀಯಕ್ಕೆ ಸೇರಿಸಬೇಕೆಂದು ಗಂಡ, ಎಂಜಿನಿಯರಿಂಗಿಗೆ ಸೇರಿಸಬೇಕೆಂದು ಹೆಂಡತಿ. ರಾತ್ರಿ ಇಬ್ಬರೂ ಇನ್ನೊಬ್ಬರು ಹೇಳುವುದೇ ಸರಿಯೆಂದು ಒಪ್ಪಿ ಮಲಗುತ್ತಾರೆ. ಬೆಳಿಗ್ಗೆ ಎದ್ದಾಗ ಗಂಡನಿಗೆ ಎಂಜಿನಿಯರಿಂಗು, ಹೆಂಡತಿಗೆ ವೈದ್ಯಕೀಯ. ಈ ಅದಲುಬದಲು ಎಂದಿಗೂ ಮುಗಿಯದು. ಮಗಳು ಬಿ.ಎ. ಸೇರಿಕೊಂಡರೆ ಆಶ್ಚರ್ಯವಿಲ್ಲ.

ತಮಾಷೆಯಲ್ಲದ ಪರಿಣಾಮಗಳೂ ಉಂಟು. ನಮ್ಮ ದೇಶದಲ್ಲಿ ಹುಟ್ಟಿ 2019ರಲ್ಲಿ ನೊಬೆಲ್ ಬಹುಮಾನ ಪಡೆದ ಅಭಿಜಿತ್ ಬ್ಯಾನರ್ಜಿ 1992ರಲ್ಲಿ, ಅಕ್ಕಪಕ್ಕದ ಎರಡು ಹೋಟೆಲುಗಳ ಉದಾಹರಣೆಯಿಂದ ಮಂದೆಯ ನಡವಳಿಕೆಯನ್ನು ವಿವರಿಸಿದರು. ಮೊದಲು ಬಂದ ಕೆಲವರು ಯಾವುದನ್ನು ಹೊಕ್ಕರೋ ಅದನ್ನೇ ನಂತರದವರೂ, ತಮಗಿದ್ದ ಸ್ವಂತ ಮಾಹಿತಿಯನ್ನು ಬದಿಗಿಟ್ಟು, ಹೊಗುತ್ತಾರೆ. ಅದೇ ವರ್ಷ ಬಿಖ್‌ಚಂದಾನಿ, ಹರ್ಶ್‌ಲೈಫರ್, ವೆಲ್ಚ್ ಎಂಬವರೂ ಇದೇ ವಿಚಾರವನ್ನು ಬೇರೆ ದಾರಿಯಿಂದ ತಲಪಿದರು. ಲೀಸಾ ಆಂಡರ್ಸನ್ ಮತ್ತು ಚಾರ್ಲ್ಸ್ ಹೋಲ್ಟ್ 1997ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇದನ್ನು ಕಣ್ಣಿಗೆ ಕಾಣಿಸಿದರು.

ಎರಡು ಗಡಿಗೆಗಳಿವೆಯೆನ್ನೋಣ. ಒಂದರಲ್ಲಿ 2 ಬಿಳಿ, 1 ಕರಿ ಗುಂಡು. ಇನ್ನೊಂದರಲ್ಲಿ 2 ಕರಿ, 1 ಬಿಳಿ. ಒಂದನ್ನು ಆರಿಸಿ ಪರದೆಯ ಹಿಂದೆ ಇಟ್ಟಿದ್ದಾರೆ. ಜನ ಸಾಲಾಗಿ ಬಂದು ಒಂದು ಗುಂಡನ್ನು ತೆಗೆದು, ತಾವು ಮಾತ್ರ ನೋಡಿ, ಹಿಂದಕ್ಕೆ ಹಾಕಿ, ಇದು ಯಾವ ಗಡಿಗೆಯೆಂದು ಎಲ್ಲರಿಗೂ ಕೇಳುವಂತೆ ಊಹಿಸಿ ಹೇಳಬೇಕು. ಮೊದಲಿಬ್ಬರೂ “ಬಿಳಿ” ಎಂದರೆನ್ನಿ. ಮೂರನೆಯವನ ಕೈಗೆ ಕರಿ ಗುಂಡು ಬಂತು. ಅವನೇನು ಹೇಳಬೇಕು? ಮುಂದಿನ ಇಬ್ಬರೂ ಬಿಳಿ ಗುಂಡನ್ನು ಕಂಡಿರಬೇಕೆಂದು ಅವನು ಸರಿಯಾಗಿಯೇ ಊಹಿಸುತ್ತಾನೆ. ಎರಡು ಬಿಳಿ, ಒಂದು ಕರಿ. “ಬಿಳಿ” ಎನ್ನುವುದೇ ವಿವೇಕ. ನಾಲ್ಕನೆಯವನಿಗೂ ಅದೇ ಲೆಕ್ಕ, ನಲವತ್ತನೆಯವನಿಗೂ ಅದೇ. ನಿಜವಾಗಿ ಇಟ್ಟಿದ್ದುದು ಕರಿ ಗಡಿಗೆಯೇ ಆಗಿದ್ದರೆ? ಮೊದಲಿಬ್ಬರ ಕೈಗೂ ಆ ಒಂದೇ ಬಿಳಿ ಗುಂಡು ಬರುವ ಸಂಭವ ಒಂಬತ್ತರಲ್ಲಿ ಒಂದು. ಅಷ್ಟಾದರೆ ಇಡೀ ಸಾಲು ತಪ್ಪು ಹೇಳುತ್ತ ಹೋಗುತ್ತದೆ, ಸಾಲಿನಲ್ಲಿ ಮೂರ್ಖನೊಬ್ಬನೂ ಇಲ್ಲದೆ.

ಇತರರ ಯೋಚನೆಯನ್ನು ಆಳವಾಗಿ ಯೋಚಿಸಬಲ್ಲವರಾದರೆ ಈ ಬಲೆಯಿಂದ ತಪ್ಪಿಸಿಕೊಳ್ಳಬಹುದೇನೊ ಎಂಬ ಆಸೆ ಸಹಜ. “ಮೊದಲಿಬ್ಬರನ್ನು ಬಿಟ್ಟು ಉಳಿದವರೆಲ್ಲ ಬರಿಯ ಅನುಕರಣೆ ಮಾಡುತ್ತಿದ್ದಾರೆ” ಎಂದು ನಲವತ್ತನೆಯವನು ಅರಿಯಬಲ್ಲನಲ್ಲವೆ? ಅರಿಯಬಲ್ಲ. ಆದರೂ ಮೊದಲಿಬ್ಬರ ಬಿಳಿಯೆದುರು ಅವನದೊಂದು ಕರಿ ಗುಂಡು ನಿಲ್ಲುವುದಿಲ್ಲ. 2013ರಲ್ಲಿ ಬಾಲ್ಟಾಗ್, ಕ್ರಿಸ್ಟಾಫ್, ಹ್ಯಾನ್ಸನ್, ಸ್ಮೆಟ್ಸ್ ಎಂಬ ತರ್ಕಜ್ಞರು ಈ ಯೋಚನೆಗಳನ್ನೆಲ್ಲ ಸಂಕೇತಗಳಿಗಿಳಿಸಿ, ಎಷ್ಟೇ ಆಳವಾಗಿ ಯೋಚಿಸಿದರೂ ಪಾರಾಗಲು ಸಾಧ್ಯವಿಲ್ಲವೆಂದು ಸಾಧಿಸಿದರು. ಗುಂಡುಗಳನ್ನೇ ಎಲ್ಲರಿಗೂ ತೋರಿಸಿದ್ದರೆ ತಪ್ಪು ಬಹುಬೇಗ ಬಯಲಾಗುತ್ತಿತ್ತು. ಕೈಯಿಂದ ಕೈಗೆ ಸಾಗಿದ್ದು ಆಧಾರವಲ್ಲ, ತೀರ್ಪು ಮಾತ್ರ.

ಕರ್ನಾಟಕ 2018ರಲ್ಲಿ ಇದರ ಬೆಲೆಯನ್ನು ತೆತ್ತಿತು. ಮಕ್ಕಳ ಕಳ್ಳರು ಬಂದಿದ್ದಾರೆಂಬ ಗಾಳಿಮಾತು ಫೋನಿನಿಂದ ಫೋನಿಗೆ ಹಬ್ಬಿದ್ದ ದಿನಗಳವು. ಮೇ ತಿಂಗಳಿನಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ರಾಜಸ್ಥಾನದಿಂದ ಬಂದಿದ್ದ ತರುಣನೊಬ್ಬನನ್ನು ಜನರ ಗುಂಪು ಹೊಡೆದು ಕೊಂದಿತು. ಜುಲೈಯಲ್ಲಿ ಬೀದರ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ, ಗೆಳೆಯರೊಡನೆ ಬಂದಿದ್ದ ಹೈದರಾಬಾದಿನ ತರುಣ ಎಂಜಿನಿಯರನೊಬ್ಬ ಅದೇ ರೀತಿ ಸತ್ತ. ಇಬ್ಬರೂ ಯಾವ ಮಗುವನ್ನೂ ಕದ್ದವರಲ್ಲ. ಆಗ ಹರಿದಾಡುತ್ತಿದ್ದ ಚಿತ್ರಗಳಲ್ಲಿ ಒಂದು, ಮಕ್ಕಳ ಬಗ್ಗೆ ಎಚ್ಚರವಾಗಿರಿ ಎಂದು ತಿಳಿಹೇಳಲು ಪಾಕಿಸ್ತಾನದ ಕರಾಚಿಯಲ್ಲಿ ತಯಾರಾದದ್ದು. ಎತ್ತಿಕೊಂಡು ಹೋದ ಮಗುವನ್ನು ಹಿಂದಕ್ಕೆ ತಂದು ಬಿಟ್ಟು ಫಲಕ ತೋರಿಸುವ ಕೊನೆಯ ಭಾಗವನ್ನು ಯಾರೋ ಕತ್ತರಿಸಿಬಿಟ್ಟಿದ್ದರು.

ಅಂಥ ಗುಂಪಿನಲ್ಲಿ ನಿಂತವರ ಮನಸ್ಸನ್ನು ಹಿಂಟಿಕ್ಕಾ ಅವರ ತರ್ಕ ಎರಡು ಸಾಲಿನಲ್ಲಿ ಹಿಡಿದಿಡಬಲ್ಲುದು. ಆ ತರ್ಕದ ಮೊದಲ ನಿಯಮ: ಅರಿತದ್ದು ನಿಜವಾಗಿರಲೇಬೇಕು, ನಂಬಿದ್ದು ನಿಜವಾಗಿರಬೇಕಾಗಿಲ್ಲ. ಶಾಮನು ಅರಿತಿದ್ದಾನೆಂದು ರಾಮನು ಅರಿತಿದ್ದರೆ ಸಂಗತಿ ನಿಜ. ಆದರೆ ಶಾಮನು ಅರಿತಿದ್ದಾನೆಂದು ರಾಮನು ನಂಬಿದ್ದರೆ? ಆಗ ರಾಮನು ಸಂಗತಿಯನ್ನೂ ನಂಬಲೇಬೇಕಾಗುತ್ತದೆ, ಅದು ಸುಳ್ಳಾಗಿದ್ದರೂ. ಶಾಮನಾದರೋ ಗೋವಿಂದನು ಅರಿತಿದ್ದಾನೆಂದು ನಂಬಿದವನು. ಗೋವಿಂದನು ರಾಮನು ಅರಿತಿದ್ದಾನೆಂದು ನಂಬಿದವನು. ಅರಿತವನು ಒಬ್ಬನೂ ಇಲ್ಲದ ಚಕ್ರದಲ್ಲಿ ನಂಬಿಕೆ ಸುತ್ತುತ್ತಲೇ ಇರುತ್ತದೆ, ತರ್ಕದ ಯಾವ ನಿಯಮವೂ ಮುರಿಯದೆ. ಒಂದೇ ಚಿತ್ರ ನಾಲ್ಕು ಕಡೆಯಿಂದ ಬಂದಾಗ ಅದು ನಾಲ್ಕು ಸಾಕ್ಷಿಗಳಂತೆ ಕಾಣುತ್ತದೆ, ಮೂಲ ಒಂದೇ.

ಅದೇ ಜುಲೈ ತಿಂಗಳಲ್ಲಿ ವಾಟ್ಸ್ಯಾಪ್ ಸಂಸ್ಥೆಯು ರವಾನೆಯಾದ ಸಂದೇಶಗಳಿಗೆ ‘ಫಾರ್ವರ್ಡೆಡ್’ ಎಂಬ ಗುರುತು ಹಚ್ಚಿತು. ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ 5 ಕಡೆಗಷ್ಟೇ ಕಳುಹಿಸುವಂತೆ ಮಿತಿ ಹಾಕಿತು. ಮಿತಿಯ ಬಗ್ಗೆ ಹೆಚ್ಚು ಭರವಸೆ ಬೇಡ: ಪಡೆದವರೆಲ್ಲ ಮತ್ತೆ ಐದೈದು ಹೊಸಬರಿಗೆ ಕಳುಹಿಸಿದರೆ ಎಂಟನೆಯ ಸುತ್ತಿಗೆ 3,90,625 ಮಂದಿಯನ್ನು ಮುಟ್ಟುತ್ತದೆ. ಗುರುತಿನದೇ ಹೆಚ್ಚಿನ ಮಾತು. “ಕಳುಹಿಸಿದಾತ ಇದನ್ನು ಕಂಡವನಲ್ಲ, ಕೇಳಿದವನು” ಎಂಬ ಅರಿವಿನ ಬಗೆಗಿನ ಅರಿವನ್ನು ಅದು ಕೊಡುತ್ತದೆ.

ಆರು ಗೆಳತಿಯರ ಎಂಟು ಕರೆಗಳು

ಗುಜರಾತಿನ ಪಾಲನಪುರದಲ್ಲಿ 1936ರಲ್ಲಿ ಹುಟ್ಟಿ ನ್ಯೂಯಾರ್ಕಿನಲ್ಲಿ ಬಹುಕಾಲ ಅಧ್ಯಾಪಕರಾಗಿದ್ದ ರೋಹಿತ್ ಪಾರೀಖ್, ಸಮಾಜದ ವ್ಯವಹಾರಗಳನ್ನೂ ಗಣಕಯಂತ್ರದ ಕ್ರಮವಿಧಿಗಳಂತೆ ತರ್ಕದಿಂದ ಪರೀಕ್ಷಿಸಬಹುದೆಂದು ಬಲವಾಗಿ ವಾದಿಸಿದವರು. ಆ ಜಾಡಿನ ಒಂದು ಮುದ್ದಾದ ಸಮಸ್ಯೆ ಹರಟೆಯದು.

ಆರು ಮಂದಿ ಗೆಳತಿಯರು. ಒಬ್ಬೊಬ್ಬರಲ್ಲೂ ಒಂದೊಂದು ಹೊಸ ಸುದ್ದಿ. ಇಬ್ಬರು ಫೋನಿನಲ್ಲಿ ಮಾತನಾಡಿದರೆ ತಮಗೆ ತಿಳಿದುದನ್ನೆಲ್ಲ ಹೇಳಿಕೊಳ್ಳುತ್ತಾರೆ. ಎಲ್ಲ ಸುದ್ದಿಯೂ ಎಲ್ಲರಿಗೂ ತಿಳಿಯಲು ಎಷ್ಟು ಕರೆಗಳು ಬೇಕು? ಎಂಟು ಸಾಕು. ಮೊದಲು ಪದ್ಮಾ, ಆಮೇಲೆ ಶಾಂತಾ, ಇಬ್ಬರೂ ಕಮಲಾಗೆ ಕರೆ ಮಾಡುತ್ತಾರೆ. ಬಳಿಕ ಕಮಲಾ ಸರೋಜಾ, ವಿಮಲಾ ಲಲಿತಾ ಮಾತನಾಡುತ್ತಾರೆ. ಅನಂತರ ಕಮಲಾ ವಿಮಲಾ, ಸರೋಜಾ ಲಲಿತಾ. ಈಗ ಈ ನಾಲ್ವರಿಗೆ ಎಲ್ಲವೂ ತಿಳಿಯಿತು. ಕೊನೆಗೆ ಕಮಲಾ ಮತ್ತೆ ಪದ್ಮಾಗೂ ಶಾಂತಾಗೂ ಕರೆ ಮಾಡಿದರೆ ಮುಗಿಯಿತು. ನಾಲ್ವರು ಅಥವಾ ಅದಕ್ಕಿಂತ ಹೆಚ್ಚು ಮಂದಿಯಿದ್ದಾಗ, ಅವರ ಸಂಖ್ಯೆಯ ಎರಡರಷ್ಟರಲ್ಲಿ ನಾಲ್ಕು ಕಳೆದಷ್ಟು ಕರೆಗಳು ಸಾಕು, ಅದಕ್ಕಿಂತ ಕಡಿಮೆಯಲ್ಲಿ ಆಗದು ಎಂದು 1971 ಮತ್ತು 1972ರಲ್ಲಿ ಹಲವು ಗಣಿತಜ್ಞರು ಬೇರೆ ಬೇರೆಯಾಗಿ ಸಾಧಿಸಿದರು. ಹೈನಾಲ್, ಮಿಲ್ನರ್, ಸೆಮೆರೇಡಿ ಎಂಬ ಮೂವರು ತಮ್ಮ ಪ್ರಬಂಧಕ್ಕೆ ‘ಟೆಲಿಫೋನ್ ರೋಗಕ್ಕೊಂದು ಮದ್ದು’ ಎಂಬ ಅರ್ಥದ ಹೆಸರಿಟ್ಟರು.

ಮದ್ದಿನಿಂದ ರೋಗ ಪೂರ್ತಿ ವಾಸಿಯಾಗುವುದಿಲ್ಲ. ಎಂಟು ಕರೆಗಳ ಬಳಿಕ ಲಲಿತಾಗೆ ಎಲ್ಲ ಸುದ್ದಿಯೂ ಗೊತ್ತು. ಆದರೆ ಪದ್ಮಾಗೆ ಎಲ್ಲವೂ ಗೊತ್ತಾಯಿತೆ ಎಂಬುದು ಆಕೆಗೆ ಗೊತ್ತಿಲ್ಲ. ಅದನ್ನೂ ತಿಳಿಸಬೇಕೆಂದರೆ? ಆಂಡ್ರಿಯಾಸ್ ಹರ್ಜಿಗ್ ಮತ್ತು ಫೌಸ್ಟೀನ್ ಮಾಫ್ರ್ ಎಂಬವರು 2017ರಲ್ಲಿ ಅದಕ್ಕೂ ಲೆಕ್ಕ ಕೊಟ್ಟರು. ಅರಿವು ಒಂದು ಮೆಟ್ಟಿಲು ಮೇಲೇರಿದಂತೆಲ್ಲ, ಗೆಳತಿಯರ ಸಂಖ್ಯೆಯಲ್ಲಿ ಎರಡು ಕಳೆದಷ್ಟು ಹೆಚ್ಚಿನ ಕರೆಗಳು ಸಾಕಾಗುತ್ತವೆ. ಎಲ್ಲರಿಗೂ ಗೊತ್ತಾಗಲು 8. ಎಲ್ಲರಿಗೂ ಗೊತ್ತೆಂದು ಎಲ್ಲರಿಗೂ ಗೊತ್ತಾಗಲು 12. ಅದರ ಮೇಲಿನ ಮೆಟ್ಟಿಲಿಗೆ 16. ಹೀಗೆ ಏರುತ್ತ ಹೋದರೂ ಸರ್ವವಿದಿತವೆಂಬ ತುದಿಯನ್ನು ಕರೆಗಳಿಂದ ಮುಟ್ಟಲಾಗದು. ಆರು ಮಂದಿಯೂ ಒಂದು ಸಂಜೆ ಕಮಲಾ ಅವರ ಮನೆಯ ಪಡಸಾಲೆಯಲ್ಲಿ ಕಾಫಿ ಲೋಟ ಹಿಡಿದು ಕುಳಿತರೆ, ಅದು ಆರು ಮಾತುಗಳಲ್ಲಿ ಮುಗಿಯುತ್ತದೆ.